ನಡುಗೋಡೆಯಾಚೆ ಹೈಮವತಿ

ನಮ್ಮೂರಿನಲ್ಲಿ ಬರಿಗೈಯಲ್ಲಿ ಬಂದವರೇ ನಿಜವಾದ ನೆಂಟರು. ಕೈಯಲ್ಲಿ ಏನಾದರೂ ಹಿಡಿದು ಬಂದವರನ್ನು ಜಗಲಿಯಲ್ಲೇ ಕೂರಿಸಿ, ನೀರು ಬೆಲ್ಲ ಕೊಟ್ಟು, ತಂದದ್ದನ್ನು ಮರೆಯದೆ ಅವರ ಕೈಗೇ ಇಟ್ಟು ಕಳಿಸುತ್ತೇವೆ. ಹೊರಡುವ ಮುಂಚೆ ಅವರೂ ಚೀಲವನ್ನೊಮ್ಮೆ ಕೊಡವಿ ನೋಡಿಕೊಳ್ಳುತ್ತಾರೆ, ಮನೆಯವರು ಮೆಲ್ಲಗೆ ಒಂದು ಹಿತ್ತಾಳೆ ಚೊಂಬು ಸೇರಿಸಿಬಿಟ್ಟಿರಬಹುದಲ್ಲ. ಗುಜರಿ ಗಾಡಿಯವನು ಬೀದಿಗೆ ಬಂದರೆ ಬೀಗರು ಬಂದಷ್ಟು ಉಪಚಾರ. ದೇವಸ್ಥಾನದ ಹುಂಡಿಯಲ್ಲಿ ಕಾಸಿಗಿಂತ ಚಮಚ ಹೆಚ್ಚು. ಹಿಂದೊಮ್ಮೆ ದಾರಿ ತಪ್ಪಿ ಬಂದ ಕಳ್ಳನೊಬ್ಬನಿಗೆ ಎದುರು ಮನೆ ಕಾತ್ಯಾಯಿನಿಯ ಮಾವ ಅಟ್ಟ ತೋರಿಸಿ, ತಾವೇ ಏಣಿ ಹಿಡಿದು ನಿಂತಿದ್ದರಂತೆ. ಆತ ಹೆದರಿ ಓಡಿದ. ಓಡುವಾಗ ಚಪ್ಪಲಿ ಬಿಟ್ಟು ಹೋದ, ಅದಕ್ಕೆ ಆ ಮನೆಯವರು ಇವತ್ತಿಗೂ ಅವನನ್ನು ಬೈಯುತ್ತಾರೆ.

ನಮ್ಮಲ್ಲಿ ಪಾಲಾದ ಮನೆಗಳ ನಡುಗೋಡೆ ನಿಂತಲ್ಲಿ ನಿಲ್ಲುವುದಿಲ್ಲ. ಯಾವ ಕಡೆ ಸಾಮಾನು ಹೆಚ್ಚೋ ಆ ಕಡೆಗೆ ಸರಿಯುತ್ತದೆ. ಸಾಮಾನು ಸಮಾನವಾಗಿದ್ದರೆ ಸುಮ್ಮನಿರುತ್ತದೆ. ಯಾರಾದರೂ ನೋಡುತ್ತಿರುವಾಗ ಮಾತ್ರ ಸರಿಯುವುದಿಲ್ಲ, ಅಷ್ಟರ ಮಟ್ಟಿಗೆ ಅದಕ್ಕೆ ನಾಚಿಕೆ ಇದೆ. ಬೆಳಿಗ್ಗೆ ಎದ್ದಾಗ ಗೋಡೆಗೆ ತಾಗಿಸಿದ್ದ ಮಂಚ ಒಂದು ಬೆರಳಿನಷ್ಟು ಈಚೆ ಬಂದಿರುತ್ತದೆ, ಅಷ್ಟೇ. ಅದಕ್ಕೇ ಇಲ್ಲಿನ ಹೆಂಗಸರು ಹೊರಗಿನ ರಂಗೋಲಿಗೂ ಮೊದಲು ಒಳಗಿನ ಸುಣ್ಣದ ಗೆರೆ ನೋಡುತ್ತಾರೆ. ಗೋಡೆ ಲೆಕ್ಕ ಹಿಡಿಯುವುದು ತೂಕವನ್ನೋ, ಎಣಿಕೆಯನ್ನೋ, ಬೆಲೆಯನ್ನೋ ಎಂಬ ಬಗ್ಗೆ ಊರಿನಲ್ಲಿ ಪಂಗಡಗಳಿವೆ. ತೂಕದವರು ಒರಳು ಮಾರಿದರು. ಎಣಿಕೆಯವರು ಸೂಜಿ ಮಾರಿದರು. ಒಟ್ಟಿನಲ್ಲಿ ಗೋಡೆಯ ಗೊಡವೆ ಇಲ್ಲದ ಮನೆ ಇಲ್ಲ. ಬಾಗಿಲೋ ಕಿಟಕಿಯೋ ಗೋಡೆಯ ಯಾವ ಮಗ್ಗುಲಿಗೆ ಬಂತೋ ಆ ಮನೆಯವರದ್ದು. ಅದರಲ್ಲಿ ತಕರಾರು ಎತ್ತುವ ಹಾಗಿಲ್ಲ.

ನಮ್ಮ ಮನೆ ಪಾಲಾದದ್ದು ಮಾವನವರು ತೀರಿಕೊಂಡ ವರ್ಷ. ಅವರದ್ದು ಹೊಲಿಗೆ ಅಂಗಡಿ. ನನ್ನ ಗಂಡ ಅನಂತಶಯನ ಹಿರಿಯ ಮಗ. ಹೆಸರಿಗೆ ತಕ್ಕಂತೆ ಅನಂತ ಸಾಮಾನಿನ ಮೇಲೆ ಶಯನ. "ಅಪ್ಪನ ನೆನಪು" ಎಂದು ಹೊಲಿಗೆಯ ಮೇಜು, ಕಂತ್ರಿ ತಕ್ಕಡಿ, ಮೂರು ಕಾಲಿನ ಕುರ್ಚಿ, ಬಟ್ಟೆ ಹರಿದ ಕೊಡೆಗಳು, ಹಾಡದ ರೇಡಿಯೋ, ಅಟ್ಟದ ತುಂಬ ಹಂಡೆ ಕೊಪ್ಪರಿಗೆ, ಎಲ್ಲವನ್ನೂ ನಮ್ಮ ಕಡೆಗೆ ಎಳೆದುಕೊಂಡರು. ಮೈದುನ ಪದ್ಮನಾಭ ಕತ್ತರಿ ತೆಗೆದುಕೊಂಡ, ನಮ್ಮವರು ಗುಂಡಿಗಳ ಡಬ್ಬ ತೆಗೆದುಕೊಂಡರು. ಅವತ್ತು ನಾನೂ ಒಳಗೊಳಗೇ ಹಿಗ್ಗಿದೆ. ಆಚೆ ಕಡೆಯಲ್ಲಿ ಪದ್ಮನಾಭನ ಹೆಂಡತಿ ಹೈಮವತಿ, ಅಂದರೆ ನನ್ನ ವಾರಗಿತ್ತಿ, ಒಂದು ಚಾಪೆ, ಒಂದು ಬಾಣಲೆ, ಎರಡು ತಟ್ಟೆ ಜೋಡಿಸಿಕೊಂಡು ಸಂಸಾರ ಶುರು ಮಾಡಿದಳು. ಪಾಪ ಅನ್ನಿಸಿತ್ತು. ಆ ಪಾಪ ಯಾರಿಗೆ ಸುತ್ತಿಕೊಂಡಿತು ಎಂದು ಸುಣ್ಣದ ಗೆರೆ ಹೇಳುತ್ತದೆ. ಪಾಲಾದಾಗ ಹಜಾರದ ನಟ್ಟನಡುವೆ ಇದ್ದ ಗೋಡೆ ಬೆರಳು ಬೆರಳಾಗಿ ನಮ್ಮ ಕಡೆಗೆ ನಡೆದು ಬಂದು, ಈಗ ನನ್ನ ಬೀದಿ ಕಿಟಕಿಯ ಚೌಕಟ್ಟಿಗೆ ಒಂದು ಗೇಣು ದೂರದಲ್ಲಿ ನಿಂತಿದೆ.

ಆ ಕಿಟಕಿಯ ಬಗ್ಗೆ ಹೇಳಬೇಕು. ನಮ್ಮ ಪಾಲಿಗೆ ಬೀದಿ ಕಾಣುವುದು ಅದೊಂದರಲ್ಲೇ. ನನಗೆ ಜನರನ್ನು ಅಣಕಿಸುವ ಚಪಲ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ಇಡೀ ತರಗತಿಗೆ ರಜೆ ಕೊಟ್ಟವಳು ನಾನು. ಮದುವೆಯಾದ ಮೇಲೆ ಪ್ರಿನ್ಸಿಪಾಲರು ಇಲ್ಲ, ಆದರೆ ಕಿಟಕಿ ಇತ್ತು. ಸೊಪ್ಪಿನ ಹೊನ್ನಮ್ಮ ಮೂಲೆ ತಿರುಗುವಾಗ ಬುಟ್ಟಿಯನ್ನೂ ಸೊಂಟವನ್ನೂ ಒಟ್ಟಿಗೆ ತಿರುಗಿಸುವುದು, ಸಂಗೀತದ ಮೇಷ್ಟ್ರು ಕೆಮ್ಮಿದರೂ ಶ್ರುತಿಯಲ್ಲೇ ಕೆಮ್ಮುವುದು, ಕಾತ್ಯಾಯಿನಿ ಚೌಕಾಸಿ ಮಾಡುವಾಗ ಬಾಗಿಲನ್ನು ಅರ್ಧ ಮುಚ್ಚಿ "ಬೇಡ ಬಿಡು" ಅನ್ನುವುದು, ಇದೆಲ್ಲ ನನ್ನ ದಿನದ ಸಂಪಾದನೆ. ಸಂಜೆ ಹಜಾರದಲ್ಲಿ ಅದನ್ನೆಲ್ಲ ಮಾಡಿ ತೋರಿಸುತ್ತಿದ್ದೆ. ತಿಂಗಳಿಗೊಂದು ಮನೆಯಂತೆ ಬಂದು ಇರುವ ನನ್ನ ಅತ್ತೆ ಬೊಚ್ಚು ಬಾಯಿ ಬಿಟ್ಟು ನಗುತ್ತಿದ್ದರು. ಸೊಸೈಟಿಯಲ್ಲಿ ಗುಮಾಸ್ತರಾದ ನಮ್ಮವರು ನಗುವುದನ್ನೂ ಉಳಿತಾಯ ಮಾಡುವ ಜಾತಿ. ಅವರೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಕಿಟಕಿ ಹೋದರೆ ಗಾಳಿ ಬೆಳಕು ಹೋಗುತ್ತದೆ ಎಂದು ಬೇರೆಯವರು ಚಿಂತಿಸಬಹುದು. ನನಗೆ ಹೋಗುವುದು ಊರೇ.

ಇತ್ತ ನನ್ನ ಹಜಾರ ಓಣಿಯಾಗುತ್ತಿದ್ದರೆ ಅತ್ತ ಹೈಮಳದ್ದು ಮೈದಾನವಾಗುತ್ತಿತ್ತು. ಅವಳ ಮನೆ ನೋಡಲು ಹೆಂಗಸರು ಸಾಲುಗಟ್ಟಿ ಬರುತ್ತಿದ್ದರು. ಕಾತ್ಯಾಯಿನಿಯಂತೂ ದಿನಾ ನನ್ನ ಜಗಲಿಯಲ್ಲಿ ಕೂತು ವರದಿ ಒಪ್ಪಿಸುವಳು. "ಅಲ್ಲ ನಳಿನಾಕ್ಷಿ, ಆ ಮನೇಲಿ ಮಾತಾಡಿದ್ರೆ ಮಾತು ತಿರುಗಿ ಬರುತ್ತೆ ಕಣ್ರೀ. ಅಷ್ಟು ಖಾಲಿ. ನೆಲ ನೋಡಿ ತಲೆ ಬಾಚ್ಕೋಬಹುದು."

"ನಮ್ಮನೇಲೂ ಮಾತು ತಿರುಗಿ ಬರುತ್ತೆ," ಎಂದೆ, "ನಮ್ಮವರ ಬಾಯಿಂದ."

ಅವಳು ನಕ್ಕಳು. ಆದರೆ ನಮ್ಮವರೇ ಒಂದು ದಿನ ತಮ್ಮನ ಮನೆಯಿಂದ ಬಂದು ಟವಲಿನಲ್ಲಿ ಕತ್ತು ಒರೆಸಿಕೊಳ್ಳುತ್ತ, "ಹೈಮಾ ಮನೇಲಿ ಗಾಳಿ ಎಷ್ಟು ಚೆನ್ನಾಗಿ ಆಡುತ್ತೆ ಕಣೆ" ಎಂದಾಗ ನನಗೆ ನಗು ಬರಲಿಲ್ಲ. ಹೊಟ್ಟೆಯ ಕಿಚ್ಚಿನಲ್ಲಿ ಅನ್ನ ಬೇಯುವುದಾಗಿದ್ದರೆ ಆ ತಿಂಗಳು ನಮ್ಮ ಮನೆಯಲ್ಲಿ ಗ್ಯಾಸು ಉಳಿಯುತ್ತಿತ್ತು.

ಅವಳು ಅಷ್ಟು ಖಾಲಿ ಇಟ್ಟುಕೊಂಡು ಬದುಕುತ್ತಿದ್ದದ್ದು ಹೇಗೆ ಗೊತ್ತೇ? ನನ್ನ ಮನೆಯಿಂದ. ವಾರಗಿತ್ತಿ ಎಂಬ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಇವಳು ವಾರಕ್ಕಲ್ಲ, ದಿನಕ್ಕೆ ನಾಲ್ಕು ಸಲ ಬರುವ ಗಿತ್ತಿ. ಬಾಗಿಲಲ್ಲಿ ಬಳೆ ಸದ್ದು, ಆಮೇಲೆ ಜೇನು ಸುರಿದಂತೆ, "ಅಕ್ಕಾ, ಒಂದು ಲಟ್ಟಣಿಗೆ ಕೊಡ್ತೀರಾ? ನಾಲ್ಕು ಚಪಾತಿ ಅಷ್ಟೇ." ಇನ್ನೊಂದು ಗಳಿಗೆಗೆ, "ಅಕ್ಕಾ, ಇಡ್ಲಿ ಕೊಳಗ." ಮಳೆ ಬಂದರೆ, "ಅಕ್ಕಾ, ಒಂದು ಕೊಡೆ, ತೂತಾಗಿದ್ರೂ ಪರವಾಗಿಲ್ಲ." ಮೂರು ಕಾಲಿನ ಕುರ್ಚಿಯನ್ನೂ ಬಿಡಲಿಲ್ಲ, ಗೋಡೆಗೆ ಒರಗಿಸಿ ಅದರ ಮೇಲೆ ಬಟ್ಟೆ ಒಣಗಿಸಿದಳು. ಮತ್ತೆ ಸಂಜೆ ದೀಪ ಹಚ್ಚುವುದರೊಳಗೆ ಎಲ್ಲವೂ ವಾಪಸು. ವಾಪಸು ಬಂದದ್ದು ಹೇಗೆ ಎಂದರೆ, ಅದೇ ನನಗೆ ಉರಿ. ಲಟ್ಟಣಿಗೆ ಕೊಟ್ಟಾಗ ಇದ್ದದ್ದಕ್ಕಿಂತ ನುಣುಪಾಗಿ ಬರುತ್ತಿತ್ತು. ಕೊಳಗ ಹುಣಸೆಹಣ್ಣು ಕಂಡು ಫಳಫಳ ಹೊಳೆಯುತ್ತಿತ್ತು. ಕೊಡೆಯ ತೂತಿಗೆ ಅದೇ ಬಣ್ಣದ ತೇಪೆ. ನಮ್ಮ ಅಟ್ಟ, ಅವಳ ಅಟ್ಟಹಾಸ.

"ನೀನು ಇದನ್ನೆಲ್ಲ ಹೇಗೆ ಬಿಟ್ಟಿರ್ತೀಯ ಹೈಮಾ?" ಎಂದು ಒಮ್ಮೆ ಕೇಳಿದೆ.

"ಒಂದೊಂದನ್ನೂ ಎದುರಿಗೆ ಕೂರಿಸ್ಕೊಂಡು ಕೇಳ್ಬೇಕು ಅಕ್ಕಾ. ನೀನು ಇಲ್ಲಿ ಯಾಕಿದ್ದೀಯ ಅಂತ. ಉತ್ತರ ಬರ್ಲಿಲ್ಲ ಅಂದ್ರೆ ಕಳಿಸ್ಬಿಡೋದು."

ಅವಳು ಹೋದ ಮೇಲೆ ನಾನು ನಮ್ಮವರನ್ನು ಎದುರಿಗೆ ಕೂರಿಸಿಕೊಂಡು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ "ಕಾಫಿಗೆ" ಎಂದರು. ಉತ್ತರ ಬಂತಲ್ಲ, ಉಳಿದರು. ಆಮೇಲೆ ತಕ್ಕಡಿಯನ್ನು ಕೇಳಿದೆ. ಅದರ ಪರವಾಗಿಯೂ ನಮ್ಮವರೇ ಉತ್ತರಿಸಿದರು. "ಬೇಕಾಗುತ್ತೆ ಕಣೆ. ಅಪ್ಪ ಇದರಲ್ಲಿ ಹತ್ತಿ ತೂಗ್ತಿದ್ರು." ರೇಡಿಯೋವನ್ನು ಕೇಳಿದೆ. "ಒಂದು ವಾಲ್ವ್ ಹಾಕಿದ್ರೆ ಹಾಡುತ್ತೆ." ಕೊಡೆಗಳನ್ನು ಕೇಳಿದೆ. "ಕಡ್ಡಿ ಗಟ್ಟಿ ಇದೆ, ನೋಡು." ಅವರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಎರಡು ಕೊಡೆಗಳನ್ನು ಬಸ್ಸಿನಲ್ಲಿ ಮರೆತು ಬಂದೆ. ಕಂಡಕ್ಟರು ಮರುದಿನ ಮನೆ ಹುಡುಕಿಕೊಂಡು ಬಂದು, "ಅಮ್ಮಾವ್ರೇ, ನಿಮ್ಮ ಕೊಡೆ," ಎಂದ. ಜಗಲಿಯ ಮೇಲೆ ಕೊಡೆಗಳನ್ನಿಟ್ಟ. ಅವನು ಹೋದ ಮೇಲೆ ನೋಡಿದರೆ ನನ್ನ ಎರಡರ ಜೊತೆ ಅವನದ್ದೂ ಒಂದಿತ್ತು.

ನನ್ನದೇ ಒಂದು ಪೆಟ್ಟಿಗೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಮಾಡಿ ತೋರಿಸುವಾಗ ಬೇಕಾಗುವ ಸರಂಜಾಮು: ಯಾರ್ಯಾರದೋ ಒಡೆದ ಕನ್ನಡಕಗಳು, ಮೇಷ್ಟ್ರ ಹಳೆಯ ಶಾಲಿನಂಥದೇ ಒಂದು ಶಾಲು, ಊರುಗೋಲು, ನಶ್ಯದ ಡಬ್ಬಿ. ಅದನ್ನು ಎದುರಿಗೆ ಕೂರಿಸಿಕೊಂಡು ನೀನು ಯಾಕಿದ್ದೀಯ ಎಂದು ಕೇಳಿದೆ. ಕೇಳಿದ ದನಿ ನನಗೇ ಗೊತ್ತಿಲ್ಲದಂತೆ ಮೇಷ್ಟ್ರ ದನಿಯಾಗಿತ್ತು. ಪೆಟ್ಟಿಗೆ ಮುಚ್ಚಿ ಮೂಲೆಗೆ ತಳ್ಳಿದೆ.

ಸಾಮಾನು ಕಳೆಯಲಾಗದಿದ್ದರೆ ಆಚೆ ಕಡೆ ಸಾಮಾನು ಕೂಡಿಸಬೇಕು. ನಮ್ಮೂರಿನಲ್ಲಿ ಅದಕ್ಕೆ ಇರುವುದು ವರ್ಷಕ್ಕೆ ಒಂದೇ ದಾರಿ, ಗೌರಿ ಹಬ್ಬದ ಬಾಗಿನ. ಉಳಿದ ಎಲ್ಲ ಉಡುಗೊರೆಯನ್ನೂ ಬೇಡ ಎನ್ನಬಹುದು, ಮುತ್ತೈದೆ ಸೆರಗು ಮುಚ್ಚಿ ಕೊಟ್ಟ ಮೊರದ ಬಾಗಿನವನ್ನು ಬೇಡ ಎನ್ನುವಂತಿಲ್ಲ. ಒಳಗೆ ಏನಿದೆ ಎಂದು ಇಣುಕುವಂತಿಲ್ಲ, ಬೇರೆಯವರಿಗೆ ದಾಟಿಸುವಂತೆಯೂ ಇಲ್ಲ. ಹಾಗಾಗಿ ಆ ದಿನ ನಮ್ಮ ಬೀದಿಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ಬಾಗಿಲುಗಳು ಮುಚ್ಚಿರುತ್ತವೆ. ಆದರೆ ಎರಡು ಮೊರದ ನಡುವೆ ಹಿಡಿಸುವಷ್ಟೇ ಕೊಡಬೇಕೆಂದು ಕಟ್ಟಳೆ. ಅದರಲ್ಲಿ ಹಂಡೆ ಹಿಡಿಸುವುದಿಲ್ಲ. ಧಾನ್ಯ ತುಂಬಿದರೆ ತಿಂದು ಮುಗಿಸುತ್ತಾರೆ. ನಾನು ಎಣಿಕೆಯ ಪಂಗಡದವಳು. ಅಟ್ಟ ಹತ್ತಿ ಮಾವನವರ ಗುಂಡಿಗಳ ಡಬ್ಬ ಇಳಿಸಿದೆ. ಅಂಗಿಯ ಗುಂಡಿ, ಕೋಟಿನ ಗುಂಡಿ, ಮಕ್ಕಳ ಜುಬ್ಬದ ಗುಂಡಿ, ಕಪ್ಪೆಚಿಪ್ಪಿನದು, ಹಿತ್ತಾಳೆಯದು, ದಂತದ ಹಾಗೆ ಕಾಣುವುದು. ಮೊರದ ತುಂಬ ಸುರಿದೆ. ಎಣಿಸಲು ಕೂತರೆ ಗೋಡೆಯೇ ಸುಸ್ತಾಗಬೇಕು, ಅಷ್ಟು. ಮೇಲೆ ಒಂದು ರವಿಕೆ ಕಣ, ಅರಿಸಿನ ಕುಂಕುಮ, ಬಳೆ, ತೆಂಗಿನಕಾಯಿ.

ಹೈಮಾ ಬಾಗಿಲು ಮುಚ್ಚಿರಲಿಲ್ಲ. ಬೀದಿಯಲ್ಲಿ ಅವಳದ್ದೊಂದೇ ತೆರೆದ ಬಾಗಿಲು. ಮಡಿಲೊಡ್ಡಿ ತೆಗೆದುಕೊಂಡಳು. ಮೊರ ಒಮ್ಮೆ ಝಲ್ ಎಂದಿತು. "ಭಾರವಾಗಿದೆ ಅಕ್ಕಾ," ಎಂದಳು. "ಪ್ರೀತಿ ಕಣೇ," ಎಂದೆ. ಕಾಲಿಗೆ ನಮಸ್ಕಾರ ಮಾಡಿದಳು. ದೀರ್ಘಸುಮಂಗಲಿಯಾಗು ಎಂದು ಹರಸಿ, ಮನೆಗೆ ಬಂದು ಹೊಸದಾಗಿ ಸುಣ್ಣದ ಗೆರೆ ಎಳೆದೆ.

ಬೆಳಿಗ್ಗೆ ಗೋಡೆ ಗೆರೆಯ ಮೇಲೇ ಇತ್ತು. ಹಬ್ಬದ ಆಯಾಸ ಇರಬಹುದು ಎಂದುಕೊಂಡೆ. ಮರುದಿನವೂ ಅಲ್ಲೇ. ಅದರ ಮರುದಿನ ಕಾತ್ಯಾಯಿನಿ ಏದುಸಿರು ಬಿಡುತ್ತ ಬಂದಳು. "ನೋಡಿದ್ರಾ, ನಳಿನಾಕ್ಷಿ? ಇಡೀ ಪೇಟೆ ನೋಡ್ಕೊಂಡ್ ಹೋಗ್ತಿದೆ."

ಹೋಗಿ ನೋಡಿದೆ. ಅವಳ ಹಜಾರಕ್ಕೂ ಅಡುಗೆಮನೆಗೂ ನಡುವೆ ಒಂದು ತೆರೆ ತೂಗುತ್ತಿತ್ತು. ಗುಂಡಿಗಳ ತೆರೆ. ಒಂದೊಂದು ದಾರಕ್ಕೂ ಒಂದೊಂದು ಬಣ್ಣ ಪೋಣಿಸಿ, ಕೆಳಗೆ ಹಿತ್ತಾಳೆಯ ಗುಂಡಿ ತೂಕಕ್ಕೆ ಕಟ್ಟಿ, ಮೇಲಿನಿಂದ ಕೆಳಗೆ ಕಡುಗೆಂಪಿನಿಂದ ಬಿಳಿಯವರೆಗೆ ಇಳಿಸಿದ್ದಳು. ಅವಳು ಆಚೀಚೆ ಓಡಾಡಿದಾಗೆಲ್ಲ ಅದು ಸಣ್ಣಗೆ ಮಳೆ ಬಿದ್ದಂತೆ ಸದ್ದು ಮಾಡುತ್ತಿತ್ತು. ನಮ್ಮವರು ಅದರ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. "ಅಪ್ಪ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರೋ."

ಅಂದರೆ ಡಬ್ಬದಲ್ಲಿ ನಾನು ಇಷ್ಟು ವರ್ಷ ಕಾಪಾಡಿದ್ದು ಬರೀ ಗುಂಡಿ. ಅವಳ ಮನೆಗೆ ಹೋದ ಮೇಲೆ ಅದು ಅಪ್ಪ.

ಅವತ್ತು ಮಧ್ಯಾಹ್ನ ಬಳೆ ಸದ್ದಾಯಿತು. "ಅಕ್ಕಾ, ಒಂದು ಲಟ್ಟಣಿಗೆ..."

"ಲಟ್ಟಣಿಗೆ ಇಲ್ಲ ಹೈಮಾ," ಎಂದೆ. "ಮುರಿದು ಹೋಯ್ತು." ಲಟ್ಟಣಿಗೆ ನನ್ನ ಹಿಂದೆ ಮಣೆಯ ಮೇಲೇ ಇತ್ತು. ಅವಳು ಅದನ್ನು ನೋಡಿದಳೋ ಇಲ್ಲವೋ, "ಅಯ್ಯೋ, ಹೌದಾ ಅಕ್ಕಾ" ಎಂದು ಹೋದಳು. ಸಂಜೆ ಕೊಳಗ ಕೇಳಿದಳು, ತಳ ಒಡೆದಿದೆ ಎಂದೆ. ಮರುದಿನ ಕೊಡೆ ಕೇಳಿದಳು, ಬೇರೆಯವರಿಗೆ ಕೊಟ್ಟಿದ್ದೇನೆ ಎಂದೆ. ಅದರ ಮರುದಿನದಿಂದ ಕೇಳುವುದನ್ನೇ ಬಿಟ್ಟಳು. ಇನ್ನು ಅವಳೇ ಎಲ್ಲವನ್ನೂ ಕೊಂಡುಕೊಳ್ಳಲಿ, ಅವಳ ಮನೆಯೂ ತುಂಬಲಿ, ಗೋಡೆ ಅತ್ತ ನಡೆಯಲಿ ಎಂದು ಕಾಲು ಚಾಚಿ ಕೂತೆ. ಕಾಲು ಚಾಚುವಷ್ಟು ಜಾಗ ಇದ್ದದ್ದು ಅದೇ ಕೊನೆ.

ಅವಳೇನೂ ಕೊಳ್ಳಲಿಲ್ಲ. ಸೀಸೆಯಲ್ಲಿ ಚಪಾತಿ ಲಟ್ಟಿಸಿದಳಂತೆ, ಮಳೆ ನಿಂತ ಮೇಲೆ ಹೊರಗೆ ಹೋದಳಂತೆ. ಗೋಡೆ ಮಾತ್ರ ನನ್ನ ಕಡೆಗೆ ದಾಪುಗಾಲು ಹಾಕಿತು. ಒಂದು ವರ್ಷದಲ್ಲಿ ಬಾರದಷ್ಟು ಒಂದು ವಾರದಲ್ಲಿ ಬಂತು. ಮಂಚ ಮಗುಚಿತು. ಹೊಲಿಗೆಯ ಮೇಜು ತಕ್ಕಡಿಗೆ ಒತ್ತಿ, ತಕ್ಕಡಿ ರೇಡಿಯೋಗೆ ಒತ್ತಿ, ರೇಡಿಯೋ ಬಾಗಿಲಿಗೆ ಒತ್ತಿ, ನಮ್ಮವರು ಅಡ್ಡಡ್ಡಲಾಗಿ ಓಡಾಡಲು ಕಲಿತರು. ಆಮೇಲೊಂದು ಬೆಳಿಗ್ಗೆ ಕಿಟಕಿಯ ಹತ್ತಿರ ಹೋದರೆ ಎಡಗಡೆಯ ಕದದ ರೆಕ್ಕೆ ಇರಲಿಲ್ಲ. ಗೋಡೆ ಕಿಟಕಿಯನ್ನು ನುಂಗುತ್ತ ಬಂದು ಅದರ ನಡುಗಂಬಕ್ಕೆ ಎರಡು ಬೆರಳು ಉಳಿಸಿ ನಿಂತಿತ್ತು. ನಡುಗಂಬ ದಾಟಿತೆಂದರೆ ನಮ್ಮೂರಿನ ಪದ್ಧತಿಯಂತೆ ಪೂರಾ ಕಿಟಕಿ ಆಚೆಯವರದ್ದು. ನನಗೆ ಗೋಡೆಯನ್ನು ನೋಡಿಕೊಂಡು ಗೋಡೆಯನ್ನೇ ಅಣಕಿಸುವ ಗತಿ.

ಆ ದಿನವೇ ಅತ್ತೆ ನಮ್ಮ ಪಾಳಿಯ ತಿಂಗಳಿಗೆ ಬಂದರು. ಬಂದವರು ಸೊಂಟಕ್ಕೆ ಸೆರಗು ಸಿಕ್ಕಿಸಿ, "ಅಟ್ಟದಿಂದ ಕೊಪ್ಪರಿಗೆ ಇಳ್ಸೇ. ಹಪ್ಪಳ ಮಾಡೋಣ," ಎಂದರು. ಕೊಪ್ಪರಿಗೆ ಇಳಿಯಿತು, ಹಂಡೆ ಇಳಿಯಿತು. ತಕ್ಕಡಿಯಲ್ಲಿ ಉದ್ದು ತೂಗಿದರು. ಹೊಲಿಗೆಯ ಮೇಜಿನ ಮೇಲೆ ಲಟ್ಟಿಸಿದರು, ಕೊಡೆಗಳನ್ನು ಬಿಡಿಸಿ ಅಂಗಳದಲ್ಲಿಟ್ಟು ಅದರ ಮೇಲೆಲ್ಲ ಹಪ್ಪಳ ಒಣಹಾಕಿದರು. ಅಂಗಳ ಕಪ್ಪು ಅಣಬೆಗಳ ತೋಟದ ಹಾಗಿತ್ತು. ಹಪ್ಪಳದ ಗದ್ದಲ ನಡೆದಷ್ಟು ದಿನವೂ ಬೆಳಿಗ್ಗೆ ನೋಡಿದರೆ ಗೋಡೆ ಇದ್ದಲ್ಲೇ ಇರುತ್ತಿತ್ತು, ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಹಿಟ್ಟು ಮುಗಿಯಿತು, ಎಲ್ಲ ತೊಳೆದು ಅಟ್ಟಕ್ಕೆ ಸೇರಿಸಿದೆವು. ಮರುದಿನ ನೋಡಿದರೆ ಒಂದು ಬೆರಳು ಈಚೆ.

ನಾನು ಸುಣ್ಣದ ಗೆರೆಯ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ತೂಕವೂ ಅಲ್ಲ, ಎಣಿಕೆಯೂ ಅಲ್ಲ, ಬೆಲೆಯೂ ಅಲ್ಲ. ಕೈ ತಾಗದೆ ಬಿದ್ದಿರುವುದನ್ನು ಮಾತ್ರ ಈ ದರಿದ್ರ ಗೋಡೆ ಲೆಕ್ಕ ಹಿಡಿಯುತ್ತಿತ್ತು. ಇಷ್ಟು ವರ್ಷ ಅದು ಬೆರಳು ಬೆರಳಾಗಿ ಮಾತ್ರ ಬಂದದ್ದು ಯಾಕೆ? ಆಚೆಯ ಮಹಾರಾಯಿತಿ ದಿನಾ ಬಂದು ನನ್ನ ಲಟ್ಟಣಿಗೆ, ಕೊಳಗ, ಕೊಡೆ, ಕುರ್ಚಿಗೆಲ್ಲ ಕೆಲಸ ಕೊಡುತ್ತಿದ್ದಳು. ನನ್ನ ಕಿಟಕಿಯನ್ನು ಇಷ್ಟು ದಿನ ಹಿಡಿದು ನಿಲ್ಲಿಸಿದ್ದು ಅವಳ "ಅಕ್ಕಾ, ಒಂದು." ಇದು ಗೊತ್ತಾದಾಗ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ನನ್ನ ಕಿಟಕಿ ಉಳಿದದ್ದೂ ಅವಳಿಂದಲೇ ಎಂದು ಇನ್ನಷ್ಟು ಉರಿಯಿತು.

"ಏನೇ ಅದು, ಗೋಡೆ ಕಾಲಿಗೆ ಬೀಳ್ತಿದ್ದೀಯ?" ಎಂದರು ಅತ್ತೆ.

ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತ ಕೇಳಿದರು. ಆಶ್ಚರ್ಯಪಡಲಿಲ್ಲ. "ಮೂಲೇಲಿ ಸುಮ್ನೆ ಕೂತಿರೋದೇ ಭಾರ ಕಣೇ ಯಾವ ಮನೆಗಾದ್ರೂ. ನಾನ್ಯಾಕೆ ಹೋದ ಮನೇಲೆಲ್ಲ ಹಪ್ಪಳ ಶುರು ಮಾಡ್ತೀನಿ ಅಂದ್ಕೊಂಡೆ? ನನ್ನನ್ನೂ ಎಲ್ಲಿ ಎಣಿಸ್ಬಿಡುತ್ತೋ ಅಂತ." ನಾನು ಏನೋ ಹೇಳಹೋದೆ. ಅವರು ಕೈ ಬೀಸಿದರು. "ಈಗ ಗುಂಡಿ ವಿಷಯಕ್ಕೆ ಬಾ. ನೆಲದಲ್ಲಿ ಗುಂಡಿ ತೋಡೋರ್ನ ನೋಡಿದ್ದೆ. ಡಬ್ಬದಿಂದ ಗುಂಡಿ ತೋಡೋಳ್ನ ನಿನ್ನೇ ನೋಡಿದ್ದು. ಹೋಗಿ ಅವಳ್ನ ಕರಿ."

ನಾನೇ ಹೋಗಿ ಕರೆಯುವುದೇ? ಲಟ್ಟಣಿಗೆ ಮುರಿದಿದೆ ಎಂದ ಬಾಯಲ್ಲೇ? ಮೊದಲು ನಾನೇ ಎಲ್ಲವನ್ನೂ ಬಳಸಿ ನೋಡಿದೆ. ಒಂದು ದಿನ ಪೂರ್ತಿ ಒಲೆಯ ಮೇಲಿನಿಂದ ಒಲೆಯ ಮೇಲಕ್ಕೆ ಪಾತ್ರೆ ಬದಲಿಸುತ್ತ, ಮೂರು ಕನ್ನಡಕ ಒಂದರ ಮೇಲೊಂದು ಹಾಕಿಕೊಂಡು, ಮನೆಯೊಳಗೆ ಕೊಡೆ ಹಿಡಿದು, ಮೂರು ಕಾಲಿನ ಕುರ್ಚಿಯಲ್ಲಿ ಕೂತು ಬಿದ್ದೆ. ನಮ್ಮವರು ಬಂದು ನೋಡಿ ಬೀದಿಯ ಡಾಕ್ಟರನ್ನು ಕರೆಯಲೇ ಎಂದರು. ಒಬ್ಬಳು ಎಷ್ಟು ಕೊಡೆ ಹಿಡಿಯಬಲ್ಲಳು? ಮರುದಿನ ಗೋಡೆ ನಡುಗಂಬವನ್ನು ಮುಟ್ಟಿತ್ತು.

ಆಗ ನನ್ನ ಹಳೆಯ ವಿದ್ಯೆ ನೆನಪಾಯಿತು. ಅತ್ತೆ ಹಜಾರದಲ್ಲಿ ಎಲೆ ಅಡಿಕೆ ಕುಟ್ಟಿ ಬಾಯಿಗೆ ತುಂಬಿಕೊಂಡು ಕೂತಿದ್ದರು. ನಾನು ಗೋಡೆಗೆ ಬಾಯಿ ಹತ್ತಿರ ತಂದು, ತುಟಿ ಒಳಗೆಳೆದು, ಅವರ ಬೊಚ್ಚು ಬಾಯಿಯ ಗಾಳಿಯನ್ನೂ ಸೇರಿಸಿ ಕೂಗಿದೆ. "ಹೈಮಾ, ಏ ಹೈಮಾ, ಲಟ್ಟಣಿಗೆ ಸಿಕ್ತು ಕಣೇ, ಬಂದು ತಗೊಂಡು ಹೋಗು."

ಅತ್ತೆ ಬೆರಗಾಗಿ ನೋಡಿದರು. ಬಾಯಿ ತುಂಬ ರಸ, ಮಾತಾಡುವಂತಿಲ್ಲ. ಕೈಯಿಂದ, ಇನ್ನೂ ಸ್ವಲ್ಪ ಎಳೆದು ಹೇಳು ಎಂದು ಸನ್ನೆ ಮಾಡಿದರು. ಎಳೆದು ಹೇಳಿದೆ.

ಬಳೆ ಸದ್ದಾಯಿತು. ಹೈಮಾ ಬಾಗಿಲಲ್ಲಿ ನಿಂತು, ಕೆನ್ನೆ ಉಬ್ಬಿಸಿಕೊಂಡು ಕೂತ ಅತ್ತೆಯನ್ನು ನೋಡಿದಳು. ನನ್ನನ್ನು ನೋಡಿದಳು. "ಅತ್ತೆ ಕರೆದ್ರಲ್ಲ?" ಎಂದಳು. ಅತ್ತೆ ಗಂಭೀರವಾಗಿ ತಲೆಯಾಡಿಸಿದರು. ನಾನು ಲಟ್ಟಣಿಗೆ ತಂದು ಕೊಟ್ಟೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗಿ ಅಂಟಿಸಿದ್ದೀರಿ ಅಕ್ಕಾ, ಗುರುತೇ ಸಿಗಲ್ಲ," ಎಂದು ಹೋದಳು.

ಗೋಡೆ ನಿಂತಿತು. ಸರಿಯಾಗಿ ನಡುಗಂಬದ ಮೇಲೆ. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಬಲಗಡೆಯ ರೆಕ್ಕೆ ನನಗೆ, ಎಡಗಡೆಯದು ಅವಳಿಗೆ. ನನ್ನ ಅರ್ಧಕ್ಕೆ ಬೀದಿಯ ತಿರುವು ಮಾತ್ರ ಕಾಣುತ್ತದೆ, ಅವಳ ಅರ್ಧಕ್ಕೆ ಕಾತ್ಯಾಯಿನಿಯ ಬಾಗಿಲು. ಹೊನ್ನಮ್ಮ ಬುಟ್ಟಿ ಹೊತ್ತು ಮೂಲೆ ತಿರುಗಿ ಬರುವುದನ್ನು ನಾನು ನೋಡುತ್ತೇನೆ. ಜಗಳ ಶುರುವಾಗುವ ಹೊತ್ತಿಗೆ ಅವಳು ಗೋಡೆಯ ಆಚೆಗೆ ಹೋಗಿರುತ್ತಾಳೆ. ಬಾಗಿಲು ಎಷ್ಟು ಮುಚ್ಚಿತು, ಕಾತ್ಯಾಯಿನಿಯ ಮೂಗು ಎಷ್ಟು ಹಿಗ್ಗಿತು, ಕೊನೆಗೆ ಎರಡು ಕಟ್ಟು ದಂಟು ಯಾವ ಮುಖ ಮಾಡಿಕೊಂಡು ಒಳಗೆ ಹೋಯಿತು, ಎಲ್ಲ ಹೈಮಳ ಪಾಲು. ಪಾಲು ಎಂದರೆ ಹೀಗಿರುತ್ತದೆ ನೋಡಿ, ನನಗೆ ಒಗ್ಗರಣೆಯ ಸದ್ದು, ಅವಳಿಗೆ ಸಾರು.

ಲಟ್ಟಣಿಗೆ ಮತ್ತೆ ಹೋಗಿ ಬರತೊಡಗಿತು. ಅದರ ಜೊತೆಗೆ ಕೊಳಗ, ಕೊಡೆ. ನಾನೇ ತಕ್ಕಡಿಯನ್ನೂ ಬೇಕಾ ಎಂದು ಕೇಳುವ ಮಟ್ಟಕ್ಕೆ ಬಂದೆ. ಒಂದು ಬೆಳಿಗ್ಗೆ ಅವಳು ಬಂದವಳು ಏನೂ ಕೇಳದೆ ಸೆರಗಿನ ತುದಿ ತಿರುವುತ್ತ ನಿಂತಳು. "ಅಕ್ಕಾ, ಹೊನ್ನಮ್ಮ ತಿರುವಿನಲ್ಲಿ ಬರ್ತಾ ಏನೋ ಗೊಣಗ್ತಾ ಇದ್ಲಲ್ಲ, ಏನು ಅದು? ನಂಗೆ ಕಾತ್ಯಾಯಿನಮ್ಮ ಮಾತ್ರ ಕಂಡ್ರು. ಶುರು ಇಲ್ದೆ ರುಚೀನೇ ಇಲ್ಲ. ಒಂಚೂರು ಮಾಡಿ ತೋರ್ಸಿ. ಸಂಜೆ ವಾಪಸ್ ಕೊಡ್ತೀನಿ."

ಮಾಡಬಾರದು ಎಂದು ಅನ್ನಿಸಿತು. ಆದರೆ ನನ್ನ ಸೊಂಟದಲ್ಲಿ ಹೊನ್ನಮ್ಮನ ಬುಟ್ಟಿ ಅದಾಗಲೇ ಕೂತಿತ್ತು. ನಡೆದು ತೋರಿಸಿದೆ, ಗೊಣಗಿ ತೋರಿಸಿದೆ. ಅವಳು ನನ್ನನ್ನೇ ನೋಡುತ್ತ, ತುಟಿ ಮಾತ್ರ ಅಲ್ಲಾಡಿಸುತ್ತ, ಎಲ್ಲವನ್ನೂ ತೆಗೆದುಕೊಂಡು ಹೋದಳು.

ಮಧ್ಯಾಹ್ನದ ಮೇಲೆ ಗೋಡೆಯಾಚೆ ನಗು ಕೇಳಿಸಿತು. ಪದ್ಮನಾಭ ನಗುತ್ತಿದ್ದ. ಆಮೇಲೆ ಇನ್ನೊಂದು ನಗು, ಹೊಟ್ಟೆ ಹಿಡಿದುಕೊಂಡ ನಗು, ಉಳಿತಾಯವನ್ನೆಲ್ಲ ಒಂದೇ ಸಲ ಖರ್ಚು ಮಾಡುವ ನಗು. ನಮ್ಮವರು ಕೆಲಸ ಮುಗಿಸಿ ಮನೆಗೆ ಬರುವ ಮೊದಲೇ ತಮ್ಮನ ಮನೆಗೆ ಹೊಕ್ಕಿದ್ದರು. ನಾನು ಗೋಡೆಗೆ ಕಿವಿ ಕೊಟ್ಟು ನಿಂತೆ. ಮಧ್ಯೆ ಗುಂಡಿಗಳ ತೆರೆ ಮಳೆಯಂತೆ ಸದ್ದು ಮಾಡಿ ಮಾತುಗಳನ್ನೆಲ್ಲ ಕೆಡಿಸಿತು.

ದೀಪ ಹಚ್ಚುವ ಹೊತ್ತಿಗೆ ಹೇಳಿದಂತೆ ಬಂದಳು. ಬೆನ್ನಿಗೆ ನಮ್ಮವರು, ಪದ್ಮನಾಭ, ಎದುರು ಮನೆ ಕಾತ್ಯಾಯಿನಿಯೂ. "ವಾಪಸ್ ಕೊಡೋಕೆ ಬಂದೆ ಅಕ್ಕಾ." ಹಜಾರದಲ್ಲಿ ಇದ್ದ ಚೂರು ಜಾಗದಲ್ಲೇ ನಿಂತು ಹೊನ್ನಮ್ಮನಾದಳು. ನನ್ನದೇ ತಿರುವು, ನನ್ನದೇ ಗೊಣಗು, ಆದರೆ ತೊಳೆದು ಉಜ್ಜಿದ ಹಾಗೆ, ಬೇಡದ್ದೆಲ್ಲ ಕಳೆದು ಬೇಕಾದ್ದಷ್ಟೇ ಉಳಿದ ಹಾಗೆ. ನಾನು ಹತ್ತು ಸಲ ಸೊಂಟ ತಿರುಗಿಸುವಲ್ಲಿ ಅವಳು ಒಂದೇ ಸಲ ತಿರುಗಿಸಿದಳು. ಬುಟ್ಟಿಯಿಂದ ಸೊಪ್ಪು ಉದುರಿದ್ದು ಕಾಣಿಸಿತು. ಶಾಲಿಲ್ಲ, ಕನ್ನಡಕವಿಲ್ಲ, ಪೆಟ್ಟಿಗೆಯಿಲ್ಲ. ಆಮೇಲೆ ನನಗೆ ಕಾಣದ ಅರ್ಧ, ಕಾತ್ಯಾಯಿನಿಯ ಬಾಗಿಲು, "ಬೇಡ ಬಿಡು," ಮತ್ತೆ ಬಾಗಿಲ ಸಂದಿಯಿಂದ ಒಂದು ಕಣ್ಣು. ಕಾತ್ಯಾಯಿನಿಯೇ ಬಿದ್ದು ಬಿದ್ದು ನಕ್ಕಳು. ಅತ್ತೆ, "ಹೊನ್ನಮ್ಮನ್ನ ಇವತ್ತೇ ಮೊದಲ್ನೇ ಸಲ ನೋಡ್ದಂಗಾಯ್ತು," ಎಂದರು. ನಾನೂ ನಕ್ಕೆ. ನಗದೆ ಇರಲಾಗಲಿಲ್ಲ, ಅದು ಇನ್ನೂ ಕಷ್ಟ.

"ಇನ್ನು ಯಾರ್ಯಾರ್ದು ಬರುತ್ತೆ ನಿಂಗೆ?" ಎಂದೆ.

ಹೈಮಾ ತಲೆ ತಗ್ಗಿಸಿದಳು. "ಒಬ್ರುದು ಬರುತ್ತೆ. ಆದ್ರೆ ನೀವು ಬೇಜಾರ್ ಮಾಡ್ಕೋಬಾರ್ದು."

"ಮಾಡು, ಮಾಡು," ಎಂದರು ನಮ್ಮವರು.

ಅವಳು ಸೆರಗು ಎಡಗಡೆಗೆ ಸಿಕ್ಕಿಸಿಕೊಂಡಳು. ಒಂದು ಕೈ ಸೊಂಟದ ಮೇಲೆ ಬಂತು, ಇನ್ನೊಂದು ಬೆನ್ನ ಹಿಂದೆ ಹೋಗಿ ಏನನ್ನೋ ಮುಚ್ಚಿಟ್ಟುಕೊಂಡಿತು. ಕತ್ತು ಓರೆಯಾಗಿ, ಕಣ್ಣು ಒಮ್ಮೆ ನೆಲದ ಸುಣ್ಣದ ಗೆರೆಗೆ, ಒಮ್ಮೆ ಗೋಡೆಗೆ, ಮತ್ತೆ ಎದುರಿಗೆ ನಿಂತವರ ಮುಖಕ್ಕೆ ಬಂದು, ತುಟಿಯ ಮೇಲೆ ಒಂದು ಹುಳಿನಗು ಕೂತಿತು. ನನ್ನ ಸೊಂಟದ ಮೇಲೂ ಆಗ ನನ್ನದೊಂದು ಕೈ ಇದ್ದದ್ದು ನೆನಪಾಗಿ ಕೆಳಗಿಳಿಸಿದೆ.

"ಲಟ್ಟಣಿಗೆ ಇಲ್ಲ ಹೈಮಾ," ಎಂದಳು. "ಮುರಿದು ಹೋಯ್ತು."

ನಮ್ಮವರು ನಕ್ಕು ನಕ್ಕು ಮೂರು ಕಾಲಿನ ಕುರ್ಚಿಯಿಂದ ಬಿದ್ದರು. ಅತ್ತೆಯ ಕಣ್ಣಲ್ಲಿ ನೀರು. ಎಲ್ಲರೂ ಹೋಗುವಾಗ ಅವಳು ಬಾಗಿಲಲ್ಲಿ ತಿರುಗಿ, ತನ್ನದೇ ಜೇನಿನ ದನಿಯಲ್ಲಿ, "ನಾಳೆ ಸಂಗೀತದ ಮೇಷ್ಟ್ರ ಶುರು ಸ್ವಲ್ಪ ನೋಡಿಟ್ಟಿರಿ ಅಕ್ಕಾ, ಕೊನೆ ನಾನು ನೋಡ್ತೀನಿ," ಎಂದಳು. ಕೊಡುವುದಿಲ್ಲ ಎನ್ನಬಹುದಿತ್ತು. ಗೋಡೆ ಕೇಳಿಸಿಕೊಳ್ಳುತ್ತ ನಿಂತಿತ್ತು. "ಆಗ್ಲಿ ಕಣೇ," ಎಂದೆ.

ಬೆಳಿಗ್ಗೆ ಎದ್ದು ಗೆರೆ ನೋಡಿದೆ. ಗೋಡೆ ನಡುಗಂಬದ ಮೇಲೇ ಇತ್ತು. ಆಮೇಲೆ ಯಾರೂ ಏಳುವ ಮೊದಲು ಕನ್ನಡಿಯ ಮುಂದೆ ಹೋಗಿ, ಸೆರಗು ಸಿಕ್ಕಿಸಿ, ಸೊಂಟದ ಮೇಲೆ ಕೈಯಿಟ್ಟು, ಕತ್ತು ಓರೆ ಮಾಡಿ ಮೆಲ್ಲಗೆ ಹೇಳಿ ನೋಡಿದೆ. "ಲಟ್ಟಣಿಗೆ ಇಲ್ಲ ಹೈಮಾ. ಮುರಿದು ಹೋಯ್ತು." ಇನ್ನೊಂದು ಸಲ ಹೇಳಿದೆ, ಸ್ವಲ್ಪ ಹುಳಿ ಹೆಚ್ಚಿಸಿ.

ಅವಳು ಮಾಡಿದ್ದೇ ಚೆನ್ನಾಗಿತ್ತು.